ಗ್ವಾಟೆಮಾಲಾದ ಬೆಟ್ಟದ ಸಂತೆಗಳು, ಅತಿತ್ಲಾನ್ ಸರೋವರದ ಊರುಗಳು: ಹಿರಿಯ ಮಿಷನರಿ ದಂಪತಿಗೆ ಬುಧವಾರದಿಂದ ಸೋಮವಾರದ ಪ್ರವಾಸ ಹೇಗಿರಬೇಕು?

ತುಂಗಾತೀರ
ಚಿಕ್ಕಪ್ಪ, ಚಿಕ್ಕಮ್ಮ ಗ್ವಾಟೆಮಾಲಾ ಸಿಟಿಯಲ್ಲಿ ಚರ್ಚಿನ ಮಿಷನ್ ಸೇವೆಯಲ್ಲಿದ್ದಾರೆ. ಇಬ್ಬರಿಗೂ ಅರವತ್ತೈದು ದಾಟಿದೆ. ಫೆಬ್ರವರಿಯಲ್ಲಿ ಬುಧವಾರದಿಂದ ಸೋಮವಾರದವರೆಗೆ ರಜೆ. ಚಿಕ್ಕಮ್ಮನಿಗೆ ಮಂಡಿನೋವು, ಇಬ್ಬರೂ ಮಾಂಸ ತಿನ್ನುವುದಿಲ್ಲ, ಭಾನುವಾರ ಆರಾಧನೆ ಬಿಟ್ಟು ಬೇರೇನೂ ಇಟ್ಟುಕೊಳ್ಳುವುದಿಲ್ಲ. ನೋಡಬೇಕಿರುವುದು ಸಂತೆ, ನೇಯ್ಗೆ, ಸರೋವರ. ಏಜೆನ್ಸಿಯವರ ಪ್ಲಾನ್ ಹೀಗಿದೆ: ಬುಧವಾರ ಆಂಟಿಗುವಾ, ಗುರುವಾರದಿಂದ ಶನಿವಾರ ಸರೋವರ, ಭಾನುವಾರ ಚಿಚಿಕಾಸ್ತೆನಾಂಗೊ ಸಂತೆ, ಸೋಮವಾರ ವಾಪಸ್. ತಿಳಿದವರು ನೋಡಿ ಹೇಳಿ.

ಘಟ್ಟದ_ದಾರಿ
ಪ್ಲಾನ್ ತಲೆಕೆಳಗಾಗಿದೆ. ಅಲ್ಲಿ ದಾರಿಯನ್ನು ನಿರ್ಧರಿಸುವುದು ನಕ್ಷೆಯಲ್ಲ, ಸಂತೆಯ ವಾರ. ಚಿಚಿಕಾಸ್ತೆನಾಂಗೊ (ಎಲ್ಲರೂ ಚಿಚಿ ಅಂತಾರೆ) ಸಂತೆ ಗುರುವಾರ ಮತ್ತು ಭಾನುವಾರ. ಸರೋವರದ ಮೇಲಿನ ಬೆಟ್ಟದ ಊರು ಸೊಲೊಲಾದ ಸಂತೆ ಮಂಗಳವಾರ ಮತ್ತು ಶುಕ್ರವಾರ. ಅಂದರೆ ಗುರುವಾರ ಚಿಚಿ, ಶುಕ್ರವಾರ ಸೊಲೊಲಾ ಎರಡೂ ಸಿಗುತ್ತವೆ, ಭಾನುವಾರ ಪೂರ್ತಿ ಖಾಲಿ ಉಳಿಯುತ್ತದೆ. ಇವರಿಗೆ ಬೇಕಾಗಿರುವುದೂ ಅದೇ ತಾನೇ?

ಬುಧವಾರ ಆಂಟಿಗುವಾ ಬೇಡ. ಸಿಟಿಯಿಂದ ಸುಮಾರು 40 ಕಿ.ಮೀ. ಅಷ್ಟೆ, ಅಲ್ಲೇ ಕೆಲಸದಲ್ಲಿರುವವರು ಯಾವ ರಜಾದಿನ ಬೇಕಾದರೂ ಹೋಗಿಬರಬಹುದು. ಬುಧವಾರ ಬೆಳಗ್ಗೆ ಹೊರಟು ಸಿಎ-1 ಹೆದ್ದಾರಿ ಹಿಡಿದು ಚಿಮಾಲ್ತೆನಾಂಗೊ ದಾಟಿ ತೆಕ್ಪಾನ್ ಹತ್ತಿರ ಇಕ್ಸಿಮ್ಚೆಯಲ್ಲಿ ಇಳಿಯಲಿ. ಕಾಕ್ಚಿಕೆಲ್ ಎಂಬ ಮಾಯಾ ಜನರ ಹಳೆಯ ರಾಜಧಾನಿ. 1524ರಲ್ಲಿ ಸ್ಪೇನಿನವರು ತಮ್ಮ ಮೊದಲ ರಾಜಧಾನಿಯನ್ನೂ ಅಲ್ಲೇ ಘೋಷಿಸಿದ್ದು. ಹುಲ್ಲುಹಾಸಿನ ಬಯಲು, ಪೈನ್ ಮರ, ಹೆಚ್ಚು ಏರಿಳಿತವಿಲ್ಲ, ಮಂಡಿಗೆ ತೊಂದರೆಯಾಗದು. ಅಲ್ಲಿಂದ ಲೊಸ್ ಎನ್ಕ್ವೆಂತ್ರೊಸ್ ಎಂಬ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗಿದರೆ ಚಿಚಿ ಹದಿನೇಳು ಕಿ.ಮೀ. ಈ ಹದಿನೇಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ರಸ್ತೆ ಆಳದ ಕಣಿವೆಗೆ ಇಳಿದು ಮತ್ತೆ ಹತ್ತುತ್ತದೆ, ತಿರುವಿನ ಮೇಲೆ ತಿರುವು. ವಾಂತಿಯಾಗುವವರು ಮಾತ್ರೆಯನ್ನು ಎನ್ಕ್ವೆಂತ್ರೊಸ್‌ನಲ್ಲಿ ಅಲ್ಲ, ತೆಕ್ಪಾನ್‌ನಲ್ಲೇ ನುಂಗಬೇಕು. ಕೆಲಸ ಶುರುಮಾಡಲು ಅದಕ್ಕೆ ಅರ್ಧ ಗಂಟೆಯಾದರೂ ಬೇಕು.

ಬುಧವಾರ ರಾತ್ರಿ ಚಿಚಿಯಲ್ಲೇ ಉಳಿಯಲಿ.

ಪೇಟೆಬೀದಿ
ಆಂಟಿಗುವಾ ಬಿಡಿ ಅನ್ನುವುದನ್ನು ಒಪ್ಪೋದಿಲ್ಲ ಸರ್. ಅಲ್ಲಿಂದ ಗುರುವಾರ ಬೆಳಗ್ಗೆ ಶಟಲ್ ವ್ಯಾನ್ ನೇರ ಚಿಚಿಗೆ ಬಿಡುತ್ತವೆ, ಮಧ್ಯಾಹ್ನ ಅದೇ ವ್ಯಾನ್ ಸರೋವರದ ದಂಡೆಯ ಪಾನಾಹಾಚೆಲ್‌ಗೂ ಇಳಿಸುತ್ತೆ. ವಯಸ್ಸಾದವರಿಗೆ ಹೋಟೆಲ್ಲೂ ಅಲ್ಲೇ ಚೆನ್ನ.

ಘಟ್ಟದ_ದಾರಿ
ಶಟಲ್‌ಗಳೆಲ್ಲ ಬೆಳಗ್ಗೆ ಹತ್ತರ ಸುಮಾರಿಗೆ ಒಟ್ಟಿಗೇ ಚಿಚಿ ತಲುಪುತ್ತವೆ. ಆಗಿನಿಂದ ಎರಡರವರೆಗೆ ಓಣಿಯಲ್ಲಿ ಭುಜಕ್ಕೆ ಭುಜ. ಜೇಬುಗಳ್ಳರ ಹೊತ್ತೂ ಅದೇ. ಅಲ್ಲೇ ರಾತ್ರಿ ಉಳಿದವರಿಗೆ ಬೆಳಗ್ಗೆ ಏಳರಿಂದ ಹತ್ತರವರೆಗೆ ಸಂತೆ ಊರಿನವರ ಸಂತೆಯಾಗಿಯೇ ಕಾಣುತ್ತದೆ. ಬುಧವಾರ ಮಧ್ಯಾಹ್ನದಿಂದಲೇ ಮರದ ಕಂಬ ಹೊತ್ತು ತಂದು ಅಂಗಡಿ ಕಟ್ಟುವುದು ಶುರು, ಅದೂ ನೋಡುವಂಥದ್ದೇ. ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಫೆಬ್ರವರಿ ರಾತ್ರಿ ಚಳಿ ಜೋರು. ಹೆಚ್ಚಿನ ಹೋಟೆಲುಗಳಲ್ಲಿ ಹೀಟರ್ ಇರದು; ಬೆಂಕಿಗೂಡು ಇರುವ ಕೋಣೆ ಕೇಳಲಿ, ಸೌದೆಯ ದುಡ್ಡು ಬೇರೆಯಾ ಅಂತಲೂ ಕೇಳಲಿ.

ಮಗ್ಗದ_ಮನೆ
ಚಿಚಿಯಲ್ಲಿ ಕೊಳ್ಳುವವರಿಗೆ ನಾಲ್ಕು ಮಾತು, ಸ್ವಲ್ಪ ಉದ್ದವಾಗುತ್ತೆ.

ಹೆಂಗಸರು ತೊಡುವ ಮೇಲಂಗಿ ವಿಪೀಲ್, ಸುತ್ತಿಕೊಳ್ಳುವ ಲಂಗ ಕೋರ್ತೆ, ಸೊಂಟಪಟ್ಟಿ ಫಾಹಾ, ಹೊದೆಯಲು, ಗಂಟು ಕಟ್ಟಲು ಬಳಸುವ ಚೌಕ ಬಟ್ಟೆ ತ್ಸೂತೆ. ಮಗ್ಗ ಎರಡು ಬಗೆ. ಹೆಂಗಸರದು ಸೊಂಟದ ಮಗ್ಗ: ಒಂದು ತುದಿ ಮರಕ್ಕೋ ಕಂಬಕ್ಕೋ, ಇನ್ನೊಂದು ತುದಿ ನೇಕಾರಳ ಬೆನ್ನಹಿಂದಿನ ಪಟ್ಟಿಗೆ. ಆಕೆ ಹಿಂದೆ ಬಾಗಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲ. ತೋಳಿನ ಅಳತೆಗಿಂತ ಅಗಲ ನೇಯಲಾಗದು, ಅದಕ್ಕೇ ದೊಡ್ಡ ವಿಪೀಲ್‌ಗೆ ಎರಡು ಮೂರು ಪಟ್ಟೆ ನೇಯ್ದು ಜೋಡಿಸುತ್ತಾರೆ. ಚಿಚಿಯ ವಿಪೀಲ್ ಮೂರು ಪಟ್ಟೆಯದು. ಕುತ್ತಿಗೆ ಸುತ್ತ ಸೂರ್ಯನಂತೆ ರೇಷ್ಮೆಬಟ್ಟೆಯ ತುಂಡು ಹೊಲಿದಿರುತ್ತದೆ. ಕೋರ್ತೆಯ ಗಜಗಟ್ಟಲೆ ಬಟ್ಟೆ ಮಾತ್ರ ಕಾಲುಮಗ್ಗದ್ದು. ಅದು ಸ್ಪೇನಿನವರ ಜೊತೆ ಬಂದದ್ದು, ಹೆಚ್ಚಾಗಿ ಗಂಡಸರು ನೇಯುತ್ತಾರೆ.

ಈಗ ಪರೀಕ್ಷೆ. ಮೊದಲು ಬಟ್ಟೆ ತಿರುಗಿಸಿ. ಹಿಂಬದಿ ಬಿಳುಚಿಕೊಂಡು ಮುಂದೆ ಮಾತ್ರ ಬಣ್ಣವಿದ್ದರೆ ಅದು ಪಾಲಿಯೆಸ್ಟರ್ ಮೇಲೆ ಒತ್ತಿದ ಚಿತ್ರ, ನೇಯ್ಗೆಯೇ ಅಲ್ಲ. ಇತ್ತೀಚೆಗೆ ಇದೇ ಜಾಸ್ತಿ. ಕೈನೇಯ್ಗೆಯಲ್ಲಿ ಹೂವಿನ ದಾರ ಹಿಂದೆ ಅಲ್ಲಲ್ಲಿ ಹಾದುಹೋಗಿರುತ್ತದೆ, ತುದಿ ಕಾಣುತ್ತದೆ. ಎರಡನೆಯದು ಅಂಚು: ಸೊಂಟದ ಮಗ್ಗದ ಪಟ್ಟೆಗೆ ನಾಲ್ಕು ಕಡೆಯೂ ನೇಯ್ದ ಅಂಚೇ ಇರಬಲ್ಲದು, ಕತ್ತರಿಸಿ ಮಡಿಚಿ ಹೊಲಿದದ್ದಲ್ಲ. ಮೂರನೆಯದು ದಾರ. ಅಕ್ರಿಲಿಕ್ ಇದ್ದರೆ ಮೋಸ ಅಂತಲ್ಲ, ಊರಿನ ಹೆಂಗಸರೇ ಗಾಢ ಬಣ್ಣಕ್ಕೆ ಅದನ್ನು ಇಷ್ಟಪಡುತ್ತಾರೆ. ಆದರೆ ಹತ್ತಿಯ ಬೆಲೆ ಕೊಡಬೇಡಿ. ಮುಷ್ಟಿಯಲ್ಲಿ ಹಿಂಡಿ ಬಿಡಿ: ಸುಕ್ಕು ಉಳಿದರೆ ಹತ್ತಿ, ಚಿಮ್ಮಿ ನೇರವಾದರೆ ಸಿಂಥೆಟಿಕ್.

ಮುಂದೆ ಎಂದಾದರೂ ಆಂಟಿಗುವಾಕ್ಕೆ ಹೋದಾಗ ಪಕ್ಕದ ಸಾನ್ ಆಂತೋನಿಯೊ ಆಗ್ವಾಸ್ ಕಾಲಿಯೆಂತೆಸ್ ನೋಡಲಿ. ಅಲ್ಲಿನ ಒಳ್ಳೆಯ ಕೆಲಸದಲ್ಲಿ ಹೂವು ಎರಡೂ ಬದಿ ಒಂದೇ ಸಮ ಬರುತ್ತದೆ. ನಮ್ಮ ಕಸೂತಿಯಲ್ಲಿ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಇರುತ್ತದಲ್ಲ, ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಸೂಜಿಯ ಕೆಲಸವಲ್ಲ, ಮಗ್ಗದ ಮೇಲೇ ದಾರ ಸೇರಿಸಿ ನೇಯುವುದು.

ಚೌಕಾಸಿ: ಹೇಳಿದ ಬೆಲೆಯ ನೂರಕ್ಕೆ ಅರವತ್ತರಿಂದ ಎಪ್ಪತ್ತು ಪಾಲಿನಿಂದ ಶುರುಮಾಡಿ ನಡುವೆಲ್ಲೋ ನಿಲ್ಲುವುದು ಮರ್ಯಾದೆ. ನೇಯ್ದವಳೇ ಕೂತು ಮಾರುತ್ತಿದ್ದರೆ ಅಷ್ಟೂ ಎಳೆಯಬೇಡಿ, ಸೂಕ್ಷ್ಮ ಕೆಲಸದ ಒಂದು ವಿಪೀಲ್‌ಗೆ ತಿಂಗಳುಗಟ್ಟಲೆ ದುಡಿಮೆ ಹೋಗಿರುತ್ತದೆ. ಬೆಲೆ ಒಪ್ಪಿಕೊಂಡ ಮೇಲೆ ಬೇಡ ಅನ್ನುವುದಂತೂ ಕೂಡದು. ಮನೆಗೆ ತಂದಮೇಲೆ ತಣ್ಣೀರಲ್ಲಿ ಒಂದೊಂದಾಗಿ, ನೆರಳಲ್ಲಿ ಒಣಗಿಸಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವುದು ಕಟ್ಟುಕತೆ. ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ.

ತುಂಗಾತೀರ
ಬಹಳ ಉಪಯೋಗ ಆಯ್ತು ಮೇಡಂ. ಚರ್ಚಿನ ವಿಷಯ? ಚಿಚಿಯ ಸಾಂತೊ ತೊಮಾಸ್ ಚರ್ಚಿನೊಳಗೆ ಹೋಗಬಹುದಾ?

ಹಳೇಕಡತ
ಹೋಗಬಹುದು, ಆದರೆ ಮುಂದಿನ ಮೆಟ್ಟಿಲಿನಿಂದಲ್ಲ. 1540ರ ದಶಕದಲ್ಲಿ ಹಳೆಯ ಮಾಯಾ ಗುಡಿಯ ಜಗಲಿಯ ಮೇಲೆ ಕಟ್ಟಿದ ಚರ್ಚು ಅದು. ಮುಂದಿನ 18 ಮೆಟ್ಟಿಲು ಮಾಯಾ ಪಂಚಾಂಗದ 18 ತಿಂಗಳಿಗೆ ಒಂದೊಂದು ಎಂದು ಅಲ್ಲಿನವರು ಎಣಿಸುತ್ತಾರೆ. ಕಿಚೆ ಎಂಬ ಅಲ್ಲಿನ ಮಾಯಾ ಜನರ ಪೂಜಾರಿಗಳು ಕೆಳಗೆ ಬೆಂಕಿ ಹಾಕಿ ಪೋಮ್ ಧೂಪ ಬೀಸುತ್ತಿರುತ್ತಾರೆ, ಹೂವಾಡಗಿತ್ತಿಯರು ಮೆಟ್ಟಿಲ ಮೇಲೇ ಕೂತಿರುತ್ತಾರೆ. ಹೊರಗಿನವರು ಪಕ್ಕದ ಬಾಗಿಲಿಂದ ಒಳಹೋಗಬೇಕು. ಒಳಗೆ ಫೋಟೊ ಇಲ್ಲವೇ ಇಲ್ಲ. ನೆಲದ ಮೇಲಿನ ಮೇಣದಬತ್ತಿ, ಹೂವಿನೆಸಳು ದಾಟಬಾರದು, ಸುತ್ತಿಹೋಗಬೇಕು. ಡೊಮಿನಿಕನ್ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್ 18ನೇ ಶತಮಾನದ ಆರಂಭದಲ್ಲಿ ಪೊಪೊಲ್ ವುಹ್ ಎಂಬ ಮಾಯಾ ಪುರಾಣಗ್ರಂಥವನ್ನು ಕಿಚೆ ಮತ್ತು ಸ್ಪ್ಯಾನಿಷ್ ಎರಡರಲ್ಲೂ ನಕಲು ಮಾಡಿಕೊಂಡದ್ದು ಇದೇ ಊರಲ್ಲಿ. ಈಗ ಆ ಪ್ರತಿ ಶಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ.

ಎದೆಯ ಮೇಲೆ ಮಿಷನ್ನಿನ ಹೆಸರುಪಟ್ಟಿ ಇದ್ದರೆ ಅಂದು ತೆಗೆದಿಡುವುದು ಒಳ್ಳೆಯದು. ಕರಪತ್ರ ಹಂಚುವುದಂತೂ ಬೇಡ.

ಪೇಟೆಬೀದಿ
ಯಾಕೆ ಬೇಡ? ಆ ದೇಶದಲ್ಲಿ ಪ್ರಾಟೆಸ್ಟಂಟರು ಬೇಕಾದಷ್ಟಿದ್ದಾರಲ್ಲ.

ಹಳೇಕಡತ
ಇದ್ದಾರೆ, ಅದಕ್ಕೇ ಹೇಳಿದ್ದು. 1882ರಲ್ಲಿ ಅಧ್ಯಕ್ಷ ಹುಸ್ತೊ ರುಫಿನೊ ಬಾರಿಯೊಸ್ ಆಹ್ವಾನದ ಮೇಲೆ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಕ್ಲಾರ್ಕ್ ಹಿಲ್ ಬಂದಾಗಿನಿಂದ ಮಿಷನ್ನಿಗೂ ರಾಜಕೀಯಕ್ಕೂ ನಂಟು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದ ಅತಿ ಕ್ರೂರ ಕಾಲ ಎಂದರೆ 1982–83. ಆಗ ಅಧಿಕಾರದಲ್ಲಿದ್ದ ಜನರಲ್ ರಿಯೊಸ್ ಮೊಂತ್ ಸ್ವತಃ ಇವಾಂಜೆಲಿಕಲ್ ಬೋಧಕ. ಇನ್ನೊಂದು ಕಡೆ ಸರೋವರದ ದಂಡೆಯ ಊರು ಸಾಂತಿಯಾಗೊ ಅತಿತ್ಲಾನ್‌ನಲ್ಲಿ ಊರಿನವರ ಪರ ನಿಂತ ಒಕ್ಲಹೋಮದ ಕ್ಯಾಥೊಲಿಕ್ ಪಾದ್ರಿ ಸ್ಟ್ಯಾನ್ಲಿ ರಾದರ್ 1981ರ ಜುಲೈ 28ರಂದು ಚರ್ಚಿನ ಮನೆಯಲ್ಲೇ ಕೊಲೆಯಾದರು. ಎರಡೂ ನೆನಪು ಬೆಟ್ಟದ ಜನರಲ್ಲಿ ಒಟ್ಟಿಗೇ ಇವೆ. ಯಾರ ಮನೆಯವರು ಯಾವ ಕಡೆಯಿಂದ ಸತ್ತರು ಎಂಬುದು ನೋಡಲು ಬಂದವರಿಗೆ ತಿಳಿಯದು. ಯುದ್ಧದ ಮಾತು ಅವರಾಗಿ ತೆಗೆದರೆ ಕೇಳಲಿ, ಇವರಾಗಿ ಕೆದಕುವುದು ಬೇಡ.

ಮಿಷನರಿಗಳಿಗೇ ಕುತೂಹಲವಾಗುವ ಒಂದು ವಿಷಯ: ಕ್ಯಾಮರಾನ್ ಟೌನ್‌ಸೆಂಡ್ 1917ರಲ್ಲಿ ಸ್ಪ್ಯಾನಿಷ್ ಬೈಬಲ್ ಮಾರಲು ಬಂದವರು. ಕೊಳ್ಳಬೇಕಾದ ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಅವರು ಕಾಕ್ಚಿಕೆಲ್ ಕಲಿತು ಆ ಭಾಷೆಗೆ ತಂದ ಹೊಸ ಒಡಂಬಡಿಕೆ 1931ರಲ್ಲಿ ಅಚ್ಚಾಯಿತು. ಮೇಲೆ ಮಗ್ಗದ_ಮನೆ ಹೇಳಿದ ಸಾನ್ ಆಂತೋನಿಯೊದಲ್ಲೇ ಅವರು ನೆಲೆಸಿದ್ದು. ಮಂಗಳೂರು, ಧಾರವಾಡ ಕಡೆಯ ಬಾಸೆಲ್ ಮಿಷನ್ ಚರಿತ್ರೆ ಓದಿದವರಿಗೆ ಈ ದಾರಿ ಹೊಸದೇನಲ್ಲ.

ಘಟ್ಟದ_ದಾರಿ
ಗುರುವಾರಕ್ಕೆ ಇನ್ನೆರಡು ಮಾತು. ಚೌಕದ ಉತ್ತರಕ್ಕಿರುವ ಮುಚ್ಚಿದ ಮಾರುಕಟ್ಟೆಯ ಮಹಡಿ ಹತ್ತಿದರೆ ಕೆಳಗೆ ತರಕಾರಿ ಸಂತೆ ಪೂರ್ತಿ ಕಾಣುತ್ತದೆ. ಅಲ್ಲಿಂದ ದೂರದ ಫೋಟೊ ತೆಗೆದರೆ ಯಾರಿಗೂ ಕಿರಿಕಿರಿಯಿಲ್ಲ. ಪಾಸ್ಕುವಾಲ್ ಅಬಾಹ್ ಎಂಬ ಗುಡ್ಡದ ಮೇಲಿನ ಪೂಜಾಸ್ಥಳಕ್ಕೆ ಏರುದಾರಿ, ಮಂಡಿನೋವಿನವರು ಬಿಟ್ಟುಬಿಡಲಿ. ಮಧ್ಯಾಹ್ನ ಹನ್ನೆರಡಕ್ಕೆ ಚಿಚಿ ಬಿಟ್ಟು ಸೊಲೊಲಾ ಮೂಲಕ ಪಾನಾಹಾಚೆಲ್. ಒಂದೂವರೆ ಗಂಟೆ ಹಿಡಿಯಿರಿ.

ಸೊಲೊಲಾದಿಂದ ಪಾನಾಹಾಚೆಲ್ 8 ಕಿ.ಮೀ., ಅಷ್ಟರಲ್ಲಿ ಐನೂರು ಮೀಟರಿಗೂ ಮಿಕ್ಕಿ ಇಳಿತ. ತಾವೇ ಗಾಡಿ ಓಡಿಸುವವರಾದರೆ ಎರಡನೇ ಗೇರಿನಲ್ಲೇ ಇಳಿಯಬೇಕು. ಆಟೊಮ್ಯಾಟಿಕ್ ಆದರೆ ಲಿವರನ್ನು ಕೆಳಗಿನ ಗೇರಿಗೆ ಹಾಕಬೇಕು. ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್ ಕಾದು, ದ್ರವ ಕುದಿದು, ಪೆಡಲ್ ನೆಲಕ್ಕೆ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ, ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ. ಪಾತ್ಸುನ್, ಗೊದೀನೆಸ್ ಮೂಲಕ ಬರುವ ಹಳೆಯ ದಾರಿಯನ್ನು ಗೂಗಲ್ ಕೆಲವೊಮ್ಮೆ ಹತ್ತಿರ ಅಂತ ತೋರಿಸುತ್ತೆ. ದರೋಡೆಗೆ ಹೆಸರಾದ ದಾರಿ ಅದು, ಬೇಡ.

ಕತ್ತಲಾದ ಮೇಲೆ ಎಲ್ಲೂ ಪ್ರಯಾಣ ಬೇಡ.

ಪೇಟೆಬೀದಿ
ಬಣ್ಣಬಣ್ಣದ ಬಸ್ಸು ಒಮ್ಮೆ ಹತ್ತಲೇಬೇಕು ಅಂತಾರಲ್ಲ?

ಘಟ್ಟದ_ದಾರಿ
ಅಮೆರಿಕದಲ್ಲಿ ಓಡಿ ಹಳತಾದ ಶಾಲಾಬಸ್ಸುಗಳು ಅವು. ಸೀಟು ಮಕ್ಕಳ ಅಳತೆಯದು, ಅದರಲ್ಲಿ ಮೂವರು ದೊಡ್ಡವರು. ಮಂಡಿ ಮುಂದಿನ ಸೀಟಿಗೆ ಒತ್ತಿಕೊಂಡೇ ಇರುತ್ತದೆ, ತಿರುವಲ್ಲಿ ಇಡೀ ಸಾಲು ಒಂದು ಕಡೆ ಜಾರುತ್ತದೆ. ಚಿಕ್ಕಮ್ಮನವರಿಗೆ ಸಲ್ಲದು. ಊರೊಳಗೆ ಓಡಾಡಲು ಟುಕ್‌ಟುಕ್ ಇದೆ, ನಮ್ಮ ಬಜಾಜ್ ಆಟೊನೇ! ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು, ತಲೆಗೆ ಇಷ್ಟೋ ಗಾಡಿಗೆ ಇಷ್ಟೋ ಅನ್ನುವುದು ಸೇರಿಸಿ.

ಸೀಮೆಬದನೆ
ಊಟದ ವಿಷಯ ಯಾರೂ ಎತ್ತಲಿಲ್ಲ. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ. ಆದರೆ ಅಲ್ಲಿ ಕಾರ್ನೆ ಅಂದರೆ ದನದ ಮಾಂಸ ಎಂದೇ ತಿಳಿದು ಕೋಳಿ ಹಾಕಿಬಿಡುತ್ತಾರೆ. ಪೂರ್ತಿ ಹೇಳಬೇಕು: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಕಾಲ್ದೊ, ಸಿನ್ ಮಾಂತೇಕಾ". ಮಾಂಸ, ಕೋಳಿ, ಮಾಂಸದ ಸಾರು, ಹಂದಿಕೊಬ್ಬು ಯಾವುದೂ ಬೇಡ ಅಂತ. ಕೊನೆಯದೇ ಮುಖ್ಯ. ಕರಿ ಅವರೆಯಂಥ ಬೀನ್ಸ್ ಅರೆದು ಹುರಿದ ಫ್ರಿಹೋಲೆಸ್ ನೋಡಲು ಶುದ್ಧ ಸಸ್ಯಾಹಾರ, ಹುರಿದಿರುವುದು ಮಾತ್ರ ಹಂದಿಕೊಬ್ಬಿನಲ್ಲಿ ಇರಬಹುದು. ತಮಾಲ್ ಎಂಬ ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬಿನ ಹಿಟ್ಟಿಗೂ ಅದೇ ಸೇರುತ್ತದೆ. ತುಂಬಿದ ಮೆಣಸಿನಕಾಯಿಯೊಳಗೆ ಸಾಮಾನ್ಯವಾಗಿ ಕೊಚ್ಚಿದ ಮಾಂಸ. ಇಡಿಯಾಗಿ ಬೇಯಿಸಿದ ಬೀನ್ಸ್, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಬೆಣ್ಣೆಹಣ್ಣು, ಕರಿದ ಬಾಳೆ, ಹಸಿ ಗಿಣ್ಣು, ಬಿಸಿ ತೋರ್ತಿಯಾ ರೊಟ್ಟಿ, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ಸಿಪ್ಪೆ ತೆಗೆದು ಅರೆದ ಹಿಟ್ಟು ಅದು, ಬರೀ ಜೋಳ ಮತ್ತು ಸುಣ್ಣ, ಕೊಬ್ಬಿಲ್ಲ. ಬೆಳಗಿನ ಚಳಿಗೆ ಎಳೆ ಜೋಳದ ಬಿಸಿ ಗಂಜಿ ಆತೊಲ್ ಬಹಳ ಹಿತ.

ಸಂತೆಯಲ್ಲಿ ರಾಶಿ ರಾಶಿ ಬಿದ್ದಿರುವ ವಿಸ್ಕಿಲ್ ಯಾವುದು ಗೊತ್ತಾ? ನಮ್ಮ ಸೀಮೆಬದನೆಕಾಯಿ. ಅದರ ತವರು ಆ ಸೀಮೆಯೇ. ಏಲಕ್ಕಿ ತದ್ವಿರುದ್ಧ: ಇಲ್ಲಿಂದ ಅಲ್ಲಿಗೆ ಹೋದದ್ದು, ಈಗ ಕೊಡಗು, ಸಕಲೇಶಪುರದ ಬೆಳೆಗಾರರ ನಿದ್ದೆಗೆಡಿಸುವಷ್ಟು ರಫ್ತು ಮಾಡುತ್ತಾರೆ. ಆದರೆ ಅವರ ಅಡುಗೆಯಲ್ಲಿ ಅದರ ಸುಳಿವೇ ಇಲ್ಲ, ಬೆಳೆಯುವುದೂ ಈ ಸರೋವರದ ಕಡೆಯಲ್ಲ, ಉತ್ತರದ ಆಲ್ತಾ ವೆರಾಪಾಸ್‌ನಲ್ಲಿ. ಚಿಕ್ಕಮ್ಮ ಸಂತೆಯಲ್ಲಿ ಹುಡುಕಿ ನಿರಾಶೆಯಾಗುವುದು ಬೇಡ.

ನಲ್ಲಿ ನೀರಲ್ಲಿ ಹಲ್ಲೂ ಉಜ್ಜಬೇಡಿ. ಹೆಚ್ಚಿಟ್ಟ ಹಣ್ಣು, ಐಸು, ಹಸಿ ಎಲೆಕೋಸಿನ ಕೋಸಂಬರಿ ಬೇಡ.

ಮಗ್ಗದ_ಮನೆ
ಶುಕ್ರವಾರದ ಸೊಲೊಲಾ ಬಗ್ಗೆ: ಪ್ರವಾಸಿಗರಿಗೆ ಮಾರುವ ವಸ್ತು ಅಲ್ಲಿ ಕಡಿಮೆ, ಅದೇ ಅದರ ಚೆಂದ. ಈರುಳ್ಳಿ, ಕೋಳಿ, ನೂಲಿನ ಉಂಡೆ, ಕೋರ್ತೆ ಬಟ್ಟೆ. ಗಂಡಸರೂ ಪಟ್ಟೆಯ ಷರಾಯಿ, ಉಣ್ಣೆಯ ಚೌಕುಳಿ ತುಂಡು ಸುತ್ತಿಕೊಂಡು ಬರುವ ಊರುಗಳು ಈಗ ಬೆರಳೆಣಿಕೆ, ಸೊಲೊಲಾ ಅವುಗಳಲ್ಲಿ ಒಂದು. ಎಂಟಕ್ಕೆ ಹೋಗಿ ಹತ್ತೂವರೆಗೆ ಹೊರಟರೆ ಸಾಕು. ನನ್ನ ಕೇಳಿದರೆ ಎರಡರಲ್ಲಿ ಒಂದೇ ನೋಡಲು ಸಾಧ್ಯವಿದ್ದಿದ್ದರೆ ಚಿಚಿ ಬಿಟ್ಟು ಇದನ್ನೇ ನೋಡಿ ಅನ್ನುತ್ತಿದ್ದೆ.

ದಯವಿಟ್ಟು ಮಕ್ಕಳ ಫೋಟೊ ತೆಗೆಯಬೇಡಿ, ಎತ್ತಿಕೊಳ್ಳಬೇಡಿ, ಮಿಠಾಯಿ ಹಂಚಬೇಡಿ. ಮಕ್ಕಳನ್ನು ಕದಿಯುತ್ತಾರೆ ಎಂಬ ವದಂತಿ ಹಬ್ಬಿ 2000ದ ಏಪ್ರಿಲ್‌ನಲ್ಲಿ ತೊದೊಸ್ ಸಾಂತೊಸ್ ಎಂಬ ಬೆಟ್ಟದ ಊರಿನ ಸಂತೆಯಲ್ಲಿ ಜಪಾನಿ ಪ್ರವಾಸಿಯೊಬ್ಬರನ್ನೂ ಬಸ್ ಚಾಲಕರನ್ನೂ ಗುಂಪು ಕೊಂದಿತ್ತು. ಮಕ್ಕಳನ್ನು ಕಂಡರೆ ಕೆನ್ನೆ ಹಿಂಡುವ ನಮ್ಮವರ ಅಭ್ಯಾಸಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕೆರೆದಂಡೆ
ಸರೋವರದ ದಿನ ಶನಿವಾರ ಇಡಿ. ಅತಿತ್ಲಾನ್ ಒಂದು ಜ್ವಾಲಾಮುಖಿ ಕುಸಿದು ಆದ ಕುಳಿ, ಆಳ 300 ಮೀಟರಿಗೂ ಹೆಚ್ಚು. ದಕ್ಷಿಣಕ್ಕೆ ಸಾನ್ ಪೆದ್ರೊ, ತೊಲಿಮಾನ್, ಅತಿತ್ಲಾನ್ ಮೂರು ಶಿಖರ. ನೀರು ಹೊರಹೋಗಲು ಮೇಲ್ಗಡೆ ನದಿಯಿಲ್ಲ, ಹಾಗಾಗಿ ಮಟ್ಟ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ದೋಣಿಕಟ್ಟೆಗಳನ್ನು ಮುಳುಗಿದಂತೆಲ್ಲ ಹಲಗೆ ಹೊಡೆದು ಎತ್ತರಿಸುತ್ತಾರೆ. ಆದ್ದರಿಂದ ದೋಣಿಗೂ ಹಲಗೆಗೂ ನಡುವೆ ಒಂದೂವರೆ ಅಡಿ ಹೆಚ್ಚುಕಡಿಮೆ ಇರಬಹುದು. ಹತ್ತುವಾಗ ಮೊದಲು ಬ್ಯಾಗ್ ಕೊಡಿ, ಆಮೇಲೆ ಎರಡೂ ಕೈ ಕೊಡಿ, ಒಂದು ಕಾಲು ದೋಣಿಯ ಅಂಚಿನ ಮೇಲಲ್ಲ, ಒಳಗಿನ ಹಲಗೆಯ ಮೇಲೆ ಇಡಿ.

ಮಧ್ಯಾಹ್ನದ ಮೇಲೆ ಶೊಕೊಮಿಲ್ ಎಂಬ ಗಾಳಿ ಏಳುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಒಂದು ಗಂಟೆಗೆ ದೋಣಿಯನ್ನು ಎತ್ತಿ ಕುಕ್ಕುತ್ತದೆ. ಮೂತಿಯ ಕಡೆ ಕೂತವರ ಬೆನ್ನುಮೂಳೆಗೆ ಪೆಟ್ಟು, ಹಿಂದೆ ಕೂತವರಿಗೆ ಬರೀ ನೀರಿನ ಸೀರ್ಪನಿ. ಬೆನ್ನು, ಮಂಡಿ ನೋವಿದ್ದವರು ಹಿಂದಿನ ಸಾಲು ಹಿಡಿಯಲಿ, ಪ್ಲಾಸ್ಟಿಕ್ ಹಾಳೆ ಹೊದೆಯಲಿ. ಫೆಬ್ರವರಿಯಲ್ಲಿ ಉತ್ತರದ ಗಾಳಿ ಹೊಕ್ಕರೆ ಬೆಳಗ್ಗೆಯೂ ಅಲೆಯಿರಬಹುದು. ಅಂಥ ದಿನ ಹೋಗದಿರುವುದೇ ಸರಿ.

ಪಾನಾಹಾಚೆಲ್‌ನಲ್ಲಿ ಕಟ್ಟೆ ಎರಡು. ಸಾಂತಿಯಾಗೊ ಕಡೆಯ ದೋಣಿ ಒಂದರಿಂದ, ಸಾಂತಾ ಕ್ರೂಸ್, ಸಾನ್ ಮಾರ್ಕೊಸ್, ಸಾನ್ ಹ್ವಾನ್, ಸಾನ್ ಪೆದ್ರೊ ಕಡೆಯದು ಇನ್ನೊಂದರಿಂದ. ಲಾಂಚಾ ಎಂಬ ಮೋಟಾರು ದೋಣಿ ತುಂಬಿದ ಮೇಲೆಯೇ ಹೊರಡುತ್ತದೆ. ಇಬ್ಬರಿಗೂ ವಯಸ್ಸಾಗಿರುವುದರಿಂದ ಅರ್ಧ ದಿನಕ್ಕೆ ದೋಣಿಯೊಂದನ್ನೇ ಬಾಡಿಗೆಗೆ ಹಿಡಿಯುವುದು ವಾಸಿ. ಮಾತಾಡುವಾಗ ಇಡೀ ದೋಣಿಗೆ ಎಷ್ಟು, ಯಾವ ಯಾವ ಊರು, ಪ್ರತಿ ಊರಲ್ಲಿ ಎಷ್ಟು ಹೊತ್ತು ಕಾಯಬೇಕು, ಲೈಫ್ ಜಾಕೆಟ್ ಇದೆಯೇ, ಎಲ್ಲ ಮೊದಲೇ ಆಗಲಿ. ಹಣ ಪೂರ್ತಿ ಕೊಡುವುದು ಮರಳಿ ಬಂದಮೇಲೆ.

ಏಳೂವರೆಗೆ ಹೊರಟು ಮೊದಲು ಸಾಂತಿಯಾಗೊ, ಅಲ್ಲಿಂದ ಸಾನ್ ಹ್ವಾನ್, ಹನ್ನೆರಡೂವರೆಯೊಳಗೆ ವಾಪಸ್. ಇದಕ್ಕಿಂತ ಹೆಚ್ಚು ಊರು ತುರುಕಬೇಡಿ. ಸಾನ್ ಹ್ವಾನ್ ಕಟ್ಟೆಯಿಂದ ಊರಿಗೆ ನೇರ ಏರು, ಟುಕ್‌ಟುಕ್ ಹಿಡಿಯಲಿ. ಅಲ್ಲಿನ ಹೆಂಗಸರ ಸಹಕಾರ ಸಂಘಗಳಲ್ಲಿ ಗಿಡ, ಬೇರು, ಕೊಚಿನೀಲ್ ಹುಳುವಿನಿಂದ ನೂಲಿಗೆ ಬಣ್ಣ ಹಾಕುವುದನ್ನು ತೋರಿಸುತ್ತಾರೆ. ನೋಡಲು ದುಡ್ಡಿಲ್ಲ, ಕೊನೆಗೆ ಅಂಗಡಿಯಲ್ಲಿ ನಿಲ್ಲಿಸುತ್ತಾರೆ. ಬೆಲೆ ಬರೆದಿರುತ್ತದೆ, ಚೌಕಾಸಿ ಹೆಚ್ಚು ನಡೆಯದು. ಊರಿನ ಹತ್ತಿರದ ನೀರಿಗೆ ಚರಂಡಿ ಸೇರುತ್ತದೆ. 2009ರಲ್ಲಿ ಸರೋವರದ ತುಂಬ ಸಯನೋಬ್ಯಾಕ್ಟೀರಿಯಾ ಹಬ್ಬಿ ಸುದ್ದಿಯಾಗಿತ್ತು. ಕಾಲು ಅದ್ದಿದರೆ ಸಾಕು.

ಪೇಟೆಬೀದಿ
ಸಾಂತಿಯಾಗೊದಲ್ಲಿ ಮಾಶಿಮೋನ್ ನೋಡದೆ ಬರುವುದಾ? ಮರದ ಮೂರ್ತಿ, ಹ್ಯಾಟು, ಬಾಯಲ್ಲಿ ಚುಟ್ಟ, ಕೊರಳ ತುಂಬ ರೇಷ್ಮೆ ಪಟ್ಟಿ. ವರ್ಷಕ್ಕೊಬ್ಬರ ಮನೆಯಲ್ಲಿರುತ್ತೆ, ಟುಕ್‌ಟುಕ್‌ನವರಿಗೆ ಹೇಳಿದರೆ ಕರೆದುಕೊಂಡು ಹೋಗ್ತಾರೆ. ಒಳಗೆ ಹೋಗಲು ಚಿಲ್ಲರೆ, ಫೋಟೊಗೆ ಬೇರೆ ಚಿಲ್ಲರೆ.

ಹಳೇಕಡತ
ಹೋಗುವುದಾದರೆ ಅದು ಕೊಫ್ರಾದಿಯಾ ಎಂಬ ಧಾರ್ಮಿಕ ಕೂಟದವರ ಮನೆ, ಅಲ್ಲಿ ನಡೆಯುವುದು ಪೂಜೆ ಎಂದು ತಿಳಿದು ಹೋಗಲಿ. ಒಳಗೆ ಮುಖ ಸಿಂಡರಿಸಿ ಗೊಣಗುವವರು, ಅಲ್ಲೇ ಪ್ರಾರ್ಥನೆ ಶುರುಮಾಡುವವರು ಹೋಗದಿರುವುದು ಮೇಲು. ಮದ್ಯ, ಸಿಗರೇಟು ಕಾಣಿಕೆ ಕೊಡುವುದು ಕಡ್ಡಾಯವಲ್ಲ. ಮನಸ್ಸು ಒಪ್ಪದಿದ್ದರೆ ಆ ಹೊತ್ತನ್ನು ದೊಡ್ಡ ಚರ್ಚಿನಲ್ಲಿ ಕಳೆಯಲಿ. ರಾದರ್ ಕೊಲೆಯಾದ ಕೋಣೆ ಈಗ ಪ್ರಾರ್ಥನಾಲಯ. 2017ರ ಸೆಪ್ಟೆಂಬರ್ 23ರಂದು ಅವರನ್ನು ಧನ್ಯರೆಂದು ಘೋಷಿಸಲಾಯಿತು. ದೇಹವನ್ನು ಒಕ್ಲಹೋಮಕ್ಕೆ ಒಯ್ದರೂ ಹೃದಯವನ್ನು ಊರಿನವರು ಉಳಿಸಿಕೊಂಡರು. ಮಿಷನ್ ಸೇವೆಯಲ್ಲಿರುವವರಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿರಲಾರದು.

ತುಂಗಾತೀರ
ಹಣ ಎಷ್ಟು ಇಟ್ಟುಕೊಳ್ಳಬೇಕು? ರಸ್ತೆತಡೆ ಅಂತ ಬೇರೆ ಕೇಳಿದ್ದೆ.

ಘಟ್ಟದ_ದಾರಿ
ಅಲ್ಲಿನ ಹಣ ಕೆತ್ಸಾಲ್, ಡಾಲರಿಗೆ ಏಳೂವರೆ, ಎಂಟರ ಆಸುಪಾಸು. ಸಂತೆಯಲ್ಲಿ 100ರ ನೋಟಿಗೇ ಚಿಲ್ಲರೆ ಸಿಗದು, 5, 10, 20ರ ನೋಟು ಸಿಟಿಯಲ್ಲೇ ಮಾಡಿಕೊಳ್ಳಲಿ. ಎಟಿಎಂ ಬ್ಯಾಂಕಿನ ಒಳಗಿರುವುದನ್ನೇ ಬಳಸಲಿ, ಬೀದಿಯದರಲ್ಲಿ ಕಾರ್ಡ್ ನಕಲು ಮಾಡುತ್ತಾರೆ.

ರಸ್ತೆತಡೆ ನಿಜ. 2023ರ ಅಕ್ಟೋಬರ್‌ನಲ್ಲಿ ಚುನಾವಣೆಯ ಫಲಿತಾಂಶ ಉಳಿಸಿಕೊಳ್ಳಲು ತೊತೊನಿಕಾಪಾನ್‌ನ 48 ಕಾಂತೋನೆಸ್ ಎಂಬ ಮೂಲನಿವಾಸಿ ಊರುಗಳ ಕೂಟ ಕರೆಕೊಟ್ಟಾಗ ಇಡೀ ದೇಶದ ಹೆದ್ದಾರಿ ವಾರಗಟ್ಟಲೆ ನಿಂತಿತ್ತು. ಲೊಸ್ ಎನ್ಕ್ವೆಂತ್ರೊಸ್ ತಡೆಗೆ ಹೇಳಿಮಾಡಿಸಿದ ಜಾಗ, ಮೂರು ದಾರಿ ಒಂದೇ ಕಡೆ ಕಟ್ಟಬಹುದು. ತಡೆ ಸಿಕ್ಕರೆ ವಾದ ಬೇಡ, ಹಿಂದಿನ ಊರಿಗೆ ತಿರುಗಿ ಕೋಣೆ ಹಿಡಿಯುವುದು. ಪ್ರತಿ ಬೆಳಗ್ಗೆ ಹೊರಡುವ ಮುಂಚೆ ಪ್ರೊವಿಯಲ್ ಎಂಬ ಹೆದ್ದಾರಿ ಇಲಾಖೆಯ ಪುಟ ನೋಡಲಿ, ಪ್ರವಾಸಿಗರ ಸಹಾಯವಾಣಿ 1500 ಫೋನಿನಲ್ಲಿರಲಿ. ಮಾತ್ರೆಗಳು ಎರಡು ದಿನಕ್ಕೆ ಹೆಚ್ಚಿರಲಿ, ಅದೂ ಡಿಕ್ಕಿಯ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿ.

ಭಾನುವಾರ ಪಾನಾಹಾಚೆಲ್‌ನಲ್ಲೇ ಆರಾಧನೆ, ವಿಶ್ರಾಂತಿ. ಅಂದೇ ಸಂಜೆ ಸಿಟಿಗೆ ಮರಳುವ ಆಸೆ ಬೇಡ, ವಾರಾಂತ್ಯ ಮುಗಿಸಿದವರೆಲ್ಲ ಚಿಮಾಲ್ತೆನಾಂಗೊದಲ್ಲಿ ಸಾಲುಗಟ್ಟುತ್ತಾರೆ. ಸೋಮವಾರ ಬೆಳಗಿನ ತಿಂಡಿ ಮುಗಿಸಿ ಎಂಟೂವರೆಗೆ ಹೊರಟರೆ ಸಿಟಿಯ ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಒಳಹೊಕ್ಕಬಹುದು.